ಮಂಗಳವಾರದ ಜೀಪಿಗೆ ಪೆಟ್ರೋಲು ಹತ್ತಿಸಿದ್ದು

ಬಾನೆಟ್ ಎತ್ತಿದಾಗ ನನಗೆ ಮೊದಲು ಕಂಡದ್ದು ಎಂಜಿನ್ ಅಲ್ಲ, ಹೆಗಲ ಮೇಲೆ ಹಾಕುವ ಒಂದು ಒದ್ದೆ ಬೈರಾಸು. ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿರುವ ಪೆಟ್ರೋಲು ಪಂಪಿಗೆ ಅದನ್ನು ಜ್ವರದ ಮಗುವಿನ ಹಣೆಗೆ ಸುತ್ತುವ ಬಟ್ಟೆಯಂತೆ ಸುತ್ತಿ, ಮೇಲಿನಿಂದ ಬಾಳೆಯ ನಾರು ಕಟ್ಟಿದ್ದರು. ಬೈರಾಸಿನ ಒಂದು ತುದಿ ಫ್ಯಾನಿನ ಎಲೆಯಿಂದ ನಾಲ್ಕು ಬೆರಳು ದೂರದಲ್ಲಿ ನೇತಾಡುತ್ತಿತ್ತು.

"ಇದೆಂತದು?" ಎಂದು ಕೇಳಿದೆ.

"ಅದನ್ನು ತೆಗಿಬೇಡಿ," ಎಂದರು ಡ್ರೈವರ್. "ಅದು ಇದ್ದದ್ದಕ್ಕೆ ಜೀಪು ಇಲ್ಲಿವರೆಗೆ ಬಂದದ್ದು."

ಮಂಜೇಶ್ವರದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ನನ್ನ ಗ್ಯಾರೇಜು. ಹಳೆಯ ಪೆಟ್ರೋಲು ಜೀಪನ್ನು ಬಿಚ್ಚಿ ಜೋಡಿಸಬಲ್ಲವರು ಆ ಸುತ್ತಿನಲ್ಲಿ ಕಡಿಮೆಯಾಗಿದ್ದರಿಂದ ಇದು ನನ್ನ ತಲೆಗೆ ಬಂತು. ಜೀಪು ಗಲ್ಫಿನಲ್ಲಿರುವ ಒಬ್ಬರದು, ಅವರ ತಂದೆ ಓಡಿಸುತ್ತಿದ್ದದ್ದು. ಅದನ್ನು ಅವರು ಪಂಚಾಯತಿನ ಪಾಲಿಯೇಟಿವ್ ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಹಾಸಿಗೆ ಹಿಡಿದ ರೋಗಿಗಳ ಮನೆಗೇ ಹೋಗಿ ನೋಡಿಕೊಳ್ಳುವ ತಂಡ ಅದು. ಪ್ರತಿ ಮಂಗಳವಾರ ತಂಡದ ನರ್ಸು ಸಿಸ್ಟರ್ ಈ ಜೀಪಿನಲ್ಲಿ ವರ್ಕಾಡಿ ಕಡೆಯ ಗುಡ್ಡ ಹತ್ತುತ್ತಿದ್ದರು. ಆ ಮುರಕಲ್ಲಿನ ದಾರಿಯಲ್ಲಿ ಆಟೋ ಹತ್ತುವುದಿಲ್ಲ.

ಗುಡ್ಡದ ಕೊನೆಯ ಮನೆಯಲ್ಲಿ ಒಬ್ಬರು ಅಮ್ಮ ಇದ್ದರು. ಬೀಡಿ ಕಟ್ಟಿ ಬದುಕಿದವರು, ಈಗ ಎಲುಬಿಗೆ ಹರಡಿದ ಕ್ಯಾನ್ಸರು. ಅವರ ನೋವಿನ ಗುಳಿಗೆ ಅಂಗಡಿಯಲ್ಲಿ ಸಿಗುವ ಜಾತಿಯದಲ್ಲ. ಸಿಸ್ಟರೇ ತಂದು, ಎಣಿಸಿ ಕೊಟ್ಟು, ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಒಂದು ವಾರದ್ದು ಮಾತ್ರ ಕೊಡುವುದು. ಕೊನೆಯ ಗುಳಿಗೆ ಮಂಗಳವಾರ ಬೆಳಿಗ್ಗೆ ಮುಗಿಯುತ್ತದೆ, ಮಧ್ಯಾಹ್ನದೊಳಗೆ ಜೀಪು ಮುಟ್ಟದಿದ್ದರೆ ನೋವು ಮುಟ್ಟುತ್ತದೆ. ಸಿಸ್ಟರ್ ಇದನ್ನು ನನಗೆ ಗ್ಯಾರೇಜಿನಲ್ಲಿ ನಿಂತು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ.

ಕಾಯಿಲೆ ಏನೆಂದು ತಿಳಿಯುವುದು ಕಷ್ಟವಿರಲಿಲ್ಲ. ಏಪ್ರಿಲ್ ಬಿಸಿಲು, ಮೊದಲ ಗೇರಿನಲ್ಲಿ ಏರಬೇಕಾದ ಉದ್ದದ ಹತ್ತ. ಪೆಟ್ರೋಲಿನ ಪೈಪು ಸೈಲೆನ್ಸರಿಗೆ ತಾಗುವಂತೆ ಹಾದು ಬರುತ್ತದೆ, ಪಂಪು ಕಾದ ಎಂಜಿನ್ನಿಗೆ ಅಂಟಿಕೊಂಡಿದೆ. ಪೆಟ್ರೋಲು ದಾರಿಯಲ್ಲೇ ಕುದಿದು ಆವಿಯಾಗುತ್ತದೆ. ದ್ರವ ಎಳೆಯಲು ಮಾಡಿದ ಪಂಪು ಆವಿಯನ್ನು ಎಳೆಯಲಾರದೆ ಸುಮ್ಮನೆ ಬಡಿಯುತ್ತದೆ, ಎಂಜಿನ್ ನಿಲ್ಲುತ್ತದೆ. ಒದ್ದೆ ಬೈರಾಸು ಹಾಕಿ ಹದಿನೈದು ನಿಮಿಷ ಕಾದರೆ ಮತ್ತೆ ಹೊರಡುತ್ತದೆ. ನಮ್ಮ ಕಡೆ ಜೀಪು ಓಡಿಸಿದವರಿಗೆಲ್ಲ ಈ ವೈದ್ಯ ಗೊತ್ತು.

ನನಗೆ ಬೈರಾಸಿನ ವೈದ್ಯ ಬೇಡವಾಗಿತ್ತು. ಒಂದು ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಇಡೀ ಪೆಟ್ರೋಲು ವ್ಯವಸ್ಥೆಯ ನಕ್ಷೆ ಬರೆದೆ. ಎಂಜಿನ್ನಿನ ಹಳೆಯ ಪಂಪು ತೆಗೆಯುವುದು. ಟ್ಯಾಂಕಿನ ಹತ್ತಿರ, ತಂಪು ಜಾಗದಲ್ಲಿ, ಬ್ಯಾಟರಿಯಿಂದ ಓಡುವ ಪಂಪು ಕೂರಿಸುವುದು. ಹೊಸ ಪೈಪನ್ನು ಚಾಸಿಯ ಹೊರಬದಿಯಲ್ಲಿ, ಸೈಲೆನ್ಸರಿಗೆ ದೂರವಾಗಿ ಎಳೆಯುವುದು. ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಹಿಂತಿರುಗಲು ಇನ್ನೊಂದು ಸಣ್ಣ ಪೈಪು. ನಡುವೆ ಫಿಲ್ಟರು. ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ ಇರುವಂಥದು, ಒಳಗೆಲ್ಲ ತುಕ್ಕು, ಅಲ್ಲಾಡಿಸಿದರೆ ಹೊಟ್ಟಿನ ಶಬ್ದ. ಅದನ್ನೂ ಹೊಸತು ಮಾಡಿಸುವುದು. ನಕ್ಷೆ ನೋಡಿ ನನಗೇ ಬಹಳ ಖುಷಿಯಾಯಿತು.

ಆ ಖುಷಿ ಶುಕ್ರವಾರದವರೆಗೆ ಬಾಳಿತು. ಶುಕ್ರವಾರ ಗಲ್ಫಿನಲ್ಲಿ ರಜೆ, ಜೀಪಿನ ಯಜಮಾನರ ವಾಯ್ಸ್ ಮೆಸೇಜುಗಳು ಒಂದರ ಹಿಂದೆ ಒಂದು ಬಂದವು.

"ಅಪ್ಪನ ಜೀಪು ಅದು. ಹೊರಗಿನಿಂದ ನೋಡಿದ್ರೆ ಒಂದು ಬೋಲ್ಟು ಸಹ ಬದಲಾದದ್ದು ಕಾಣ್ಬಾರದು, ಗೊತ್ತಾಯ್ತಾ?" ಇದು ಮೊದಲನೆಯದು. ಎರಡನೆಯದರಲ್ಲಿ ಅವರೇ, "ನಾನು ಇಲ್ಲಿ ಓದಿದೆ, ಕಾರ್ಬ್ಯುರೇಟರೇ ತೆಗ್ದು ಇಂಜೆಕ್ಷನ್ ಹಾಕ್ಲಿಕ್ಕೆ ಆಗ್ತದಂತೆ. ಹಾಕುವನಾ?" ಎಂದು ಕೇಳಿದ್ದರು. ಬೋಲ್ಟು ಬದಲಾಗಬಾರದು, ಎಂಜಿನ್ನಿನ ಗಂಟಲೇ ಬದಲಾಗಬಹುದು. ಮೂರನೆಯ ಮೆಸೇಜಿನಲ್ಲಿ, ಊರಿಗೆ ಬರುವ ಒಬ್ಬರ ಕೈಯಲ್ಲಿ ಪಂಪು ಕಳಿಸಿದ್ದೇನೆ, ನಂಬರ್ ವನ್ ಮಾಲು ಎಂದಿದ್ದರು.

ನಂಬರ್ ವನ್ ಮಾಲು ಬಂತು. ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ಸಂಬಂಧವಿರಲಿಲ್ಲ. ನನಗೆ ಸಂಶಯ ಬರಬೇಕಿತ್ತು, ಬಂತು ಸಹ. ಆದರೆ ಇನ್ನೊಂದು ಶುಕ್ರವಾರವನ್ನು ತಾಳಿಕೊಳ್ಳುವ ಶಕ್ತಿ ಇಲ್ಲದೆ ಕೂರಿಸಿಬಿಟ್ಟೆ. ಅದು ಇಂಜೆಕ್ಷನ್ ಗಾಡಿಯ ಪಂಪು. ಹಳೆಯ ಕಾರ್ಬ್ಯುರೇಟರಿಗೆ ಅಂಥ ಒತ್ತಡ ಹಿಡಿಸುವುದಿಲ್ಲ, ಅದರೊಳಗಿನ ಸಣ್ಣ ಸೂಜಿ ಪೆಟ್ರೋಲನ್ನು ತಡೆದು ನಿಲ್ಲಿಸಲಾರದು. ಕೀಲಿ ತಿರುಗಿಸಿದ ಎರಡನೇ ನಿಮಿಷಕ್ಕೆ ಕಾರ್ಬ್ಯುರೇಟರಿನ ಬಾಯಿಂದ ಪೆಟ್ರೋಲು ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಸುರಿಯಿತು. ನಾನು ಬ್ಯಾಟರಿಯ ವಯರನ್ನು ಬರಿಗೈಯಲ್ಲಿ ಕಿತ್ತು, ಮರಳಿನ ಬಕೆಟಿಗೆ ಓಡಿದೆ. ಬೆಂಕಿ ಹಿಡಿಯಲಿಲ್ಲ. ಡ್ರೈವರ್ ಗೇಟಿನ ಆಚೆ ನಿಂತು, "ಬೈರಾಸಿನಲ್ಲಿ ಹೀಗೆ ಆಗಿರ್ಲಿಲ್ಲ," ಎಂದರು.

ಆಮೇಲೆ ನಾನೇ ಮಂಗಳೂರಿಗೆ ಹೋಗಿ ಮೆದು ಒತ್ತಡದ ಪಂಪು ಆರಿಸಿ ತಂದೆ. ಅದೇ ಹಳೆಯ ಅಳತೆಯಲ್ಲಿ ಹೊಸ ಟ್ಯಾಂಕು ಮಾಡಿಸಿದೆ. ಗುಡ್ಡ ಹತ್ತುವಾಗ ಪೆಟ್ರೋಲು ಟ್ಯಾಂಕಿನ ಹಿಂಬದಿಗೆ ಸರಿಯುತ್ತದೆ ಎಂದು, ಪೆಟ್ರೋಲು ಎಳೆಯುವ ನಳಿಗೆಯನ್ನು ಹಿಂದಿನ ಮೂಲೆಯಲ್ಲೇ ಇಡಿಸಿದೆ. ಇದು ನನ್ನ ನಕ್ಷೆಯ ಅತಿ ಬುದ್ಧಿವಂತಿಕೆಯ ಭಾಗ. ಟ್ಯಾಂಕು ತುಂಬಿಸಿ, ನಾನೇ ಓಡಿಸಿಕೊಂಡು ಮಟಮಟ ಮಧ್ಯಾಹ್ನ ಗ್ಯಾರೇಜಿನ ಎದುರಿನ ಹತ್ತವನ್ನು ನಾಲ್ಕು ಸಲ ಹತ್ತಿಸಿದೆ. ಒಮ್ಮೆಯೂ ಕೆಮ್ಮಲಿಲ್ಲ. ಸಿಸ್ಟರಿಗೆ ಫೋನು ಮಾಡಿ "ಇನ್ನು ತೊಂದರೆ ಇಲ್ಲ" ಎಂದೆ. ಯಜಮಾನರಿಗೂ ಹಾಗೆಯೇ ಹೇಳಿದೆ. ಡ್ರೈವರಿಗೆ ಬೈರಾಸನ್ನು ಒಗೆದು ಮಡಚಿ ಕೊಟ್ಟೆ.

ಮೊದಲ ಮಂಗಳವಾರ ಜೀಪು ಹೋಗಿ ಬಂತು. ಎರಡನೆಯ ಮಂಗಳವಾರ ಹನ್ನೊಂದು ಗಂಟೆಗೆ ಸಿಸ್ಟರ್ ಫೋನು ಮಾಡಿದರು. ನಿಂತಿದೆ ಎಂದರು.

ಎಲ್ಲಿ ಎಂದು ಕೇಳಿದೆ. ಆ ಗುಡ್ಡದಲ್ಲಿ ಎರಡು ಹತ್ತ ಉಂಟು. ಮೊದಲನೆಯದನ್ನು ಹತ್ತಿದರೆ ದಿಣ್ಣೆಯ ಮೇಲೆ ಒಬ್ಬ ಪಾರ್ಶ್ವವಾಯುವಿನ ಅಜ್ಜನ ಮನೆ. ಅಲ್ಲಿಂದ ದಾರಿ ನೀರು ಹರಿಯುವ ಒಂದು ಸಣ್ಣ ತೋಡಿನ ಕಡೆಗೆ ಇಳಿದು, ಮತ್ತೆ ಹತ್ತಿ, ಬೀಡಿಯಮ್ಮನ ಮನೆಗೆ ಮುಟ್ಟುತ್ತದೆ. ಜೀಪು ನಿಂತದ್ದು ತೋಡು ದಾಟಿ ಎರಡನೆಯ ಹತ್ತದ ಬುಡದಲ್ಲಿ. ಸಿಸ್ಟರ್ ಜೀಪು ಈಗ ಹೊರಡುತ್ತದೆಂದು ಕಾದು ಕಾದು, ಕೊನೆಗೆ ಮದ್ದಿನ ಪೆಟ್ಟಿಗೆ ಹೊತ್ತು ನಡೆದೇ ಹತ್ತಿದರು. ಮುಟ್ಟುವಾಗ ತಡವಾಗಿತ್ತು.

ನಾನು ಬೈಕಿನಲ್ಲಿ ಹೋಗಿ ನೋಡಿದಾಗ ಜೀಪು ಹೊರಟಿತು. ಮೆಲ್ಲಗೆ ನರಳಿ ಹೊರಟಿತು, ಆದರೆ ಹೊರಟಿತು. ಗ್ಯಾರೇಜಿಗೆ ತಂದು ಫಿಲ್ಟರು ಬಿಚ್ಚಿದೆ, ಸ್ವಚ್ಛ. ಪಂಪಿನ ಒತ್ತಡ ಅಳೆದೆ, ಸರಿ. ಪೈಪಿನ ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿದೆ, ಎಲ್ಲಿಯೂ ಗುಳ್ಳೆ ಇಲ್ಲ. ಮತ್ತೆ ಎದುರಿನ ಹತ್ತದಲ್ಲಿ ನಾಲ್ಕು ಸಲ. ಕುದುರೆಯಂತೆ ಓಡಿತು. ನನಗೆ ಸಿಟ್ಟು ಬಂತು.

"ನೀವು ಎಂತ ಮಾಡ್ತೀರಿ ಇದಕ್ಕೆ?" ಎಂದು ಡ್ರೈವರನ್ನು ಕೇಳಿದೆ.

"ನಾನೆಂತ ಮಾಡುದು ಮಾರಾಯ್ರೆ? ಮೂವತ್ತು ವರ್ಷ ವರ್ಕಾಡಿ ಲೈನಿನಲ್ಲಿ ಜೀಪು ಓಡಿಸಿದವ ನಾನು. ಹದಿನೆಂಟು ಜನ ಹಾಕಿ ಹತ್ತಿಸಿದ್ದೇನೆ. ಕರೆಂಟಿನಲ್ಲಿ ಪೆಟ್ರೋಲು ಬರುದನ್ನು ನೀವು ಮಾಡಿದ್ದು."

ನಾನು ಪಂಪನ್ನೇ ಬದಲಾಯಿಸಿದೆ, ಅದೇ ಜಾತಿಯ ಇನ್ನೊಂದು ಹಾಕಿದೆ. ಯಜಮಾನರಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು, ಇಂಜೆಕ್ಷನ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮೆಸೇಜು ಬಂತು. ತಂಡದ ಕಮಿಟಿಯವರೊಬ್ಬರು ಬಂದು, ಕೆಟ್ಟದ್ದಕ್ಕೆ ಕಾರಣ ಬರೆದುಕೊಡಿ, ಮಿನಿಟ್ಸಿನಲ್ಲಿ ಸೇರಿಸಲಿಕ್ಕುಂಟು ಎಂದರು. ಕಾರಣ ಗೊತ್ತಿದ್ದರೆ ಬರೆಯುವುದೇಕೆ, ಸರಿ ಮಾಡುತ್ತಿದ್ದೆ ಎಂದೆ. ಅವರು ಮುಖ ಊದಿಸಿಕೊಂಡು ಹೋದರು.

ಮೂರನೆಯ ಮಂಗಳವಾರ ಜೀಪು ಅದೇ ಜಾಗದಲ್ಲಿ ನಿಂತಿತು.

ಈ ಸಲ ಸಿಸ್ಟರ್ ಫೋನು ಮಾಡಲಿಲ್ಲ. ಸಂಜೆ ಗ್ಯಾರೇಜಿಗೇ ಬಂದರು. ಮಲಯಾಳ ಮಾತಾಡುವ ನೀಲೇಶ್ವರ ಕಡೆಯವರು, ನಮ್ಮ ಕನ್ನಡವನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತವರು, ಯಾವಾಗಲೂ ಮೆಲ್ಲಗೆ ಮಾತಾಡುವವರು. ಅಂದೂ ಮೆಲ್ಲಗೇ ಮಾತಾಡಿದರು. ಸೀರೆಯ ಅಂಚಿಗೆಲ್ಲ ಕೆಂಪು ಧೂಳು ಹಿಡಿದಿತ್ತು.

"ನಾನು ಹೋಗುವಾಗ ಅವರು ತಲೆದಿಂಬು ಕಚ್ಚಿಕೊಂಡು ಇದ್ದರು," ಎಂದರು. "ನನಗೆ ನಡೀಲಿಕ್ಕೆ ಕಷ್ಟ ಇಲ್ಲ. ಹತ್ತು ಗಂಟೆಗೆ ಜೀಪು ಬರುದಿಲ್ಲ ಅಂತ ಹೇಳಿದ್ರೆ ನಾನು ಏಳು ಗಂಟೆಗೆ ನಡ್ದು ಹೋಗ್ತೇನೆ. ಬರ್ತದೆ ಅಂತ ನೀವು ಹೇಳ್ತೀರಿ, ಬರುದಿಲ್ಲ. ಅದು ಮಾತ್ರ ಆಗುದಿಲ್ಲ."

ನನಗೆ ಹೇಳಲು ಬೇಕಾದಷ್ಟಿತ್ತು. ಪಂಪಿನ ಒತ್ತಡ ಸರಿ ಇದೆ, ಫಿಲ್ಟರು ಸ್ವಚ್ಛವಿದೆ, ಇಲ್ಲಿ ಹತ್ತುತ್ತದೆ. ಇದೆಲ್ಲ ನಿಜವೇ. ಆದರೆ ಆ ಧೂಳು ಹಿಡಿದ ಸೀರೆಯೆದುರು ಇದನ್ನೆಲ್ಲ ಹೇಳುವಷ್ಟು ನಾಚಿಕೆಗೆಟ್ಟವನಾಗಿರಲಿಲ್ಲ. ಒಂದು ವಿಷಯ ಮಾತ್ರ ತಲೆಗೆ ಹೊಳೆಯಿತು. ಈ ಜೀಪನ್ನು ಪರೀಕ್ಷೆ ಮಾಡಿದ್ದೆಲ್ಲ ನಾನು, ನನ್ನ ಕೈಯಲ್ಲಿ, ನನ್ನ ಹತ್ತದಲ್ಲಿ. ಡ್ರೈವರ್ ಓಡಿಸುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಗುರುವಾರ ಡ್ರೈವರನ್ನು ಕರೆದು ಹೇಳಿದೆ: "ಇವತ್ತು ಮಂಗಳವಾರ ಅಂತ ಎಣಿಸಿ. ಮಂಗಳವಾರ ಎಂತೆಂತ ಮಾಡ್ತೀರೋ ಅದೆಲ್ಲ ಮಾಡಿ. ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ. ಒಂದು ಮಾತು ಆಡುದಿಲ್ಲ."

"ಬೈಯುದಿಲ್ಲ?"

"ಬೈಯುದಿಲ್ಲ."

ಆ ಮಾತು ಉಳಿಸಿಕೊಳ್ಳುವಷ್ಟು ಕಷ್ಟದ ಕೆಲಸವನ್ನು ನಾನು ಗ್ಯಾರೇಜಿನಲ್ಲಿ ಮಾಡಿಲ್ಲ. ಮೊದಲು ಅವರು ಕೇರಳದ ಗಡಿ ದಾಟಿ ಕರ್ನಾಟಕದ ಬಂಕಿಗೆ ಹೋದರು, ಅಲ್ಲಿ ರೇಟು ಕಡಿಮೆ, ಪೆಟ್ರೋಲು ಅಲ್ಲಿಯದೇ ಆಗಬೇಕು. ಐದು ಲೀಟರು ಹಾಕಿಸಿದರು. ಟ್ಯಾಂಕಿನಲ್ಲಿ ಮೊದಲೇ ಇದ್ದದ್ದು ತಳ ಮುಚ್ಚುವಷ್ಟು. ಯಾಕೆ ಇಷ್ಟೇ ಎಂಬ ಪ್ರಶ್ನೆ ನನ್ನ ಮುಖದಲ್ಲೇ ಕಂಡಿರಬೇಕು. "ಹೊಟ್ಟೆ ತುಂಬಿದ್ರೆ ಗುಡ್ಡ ಹತ್ತುದಿಲ್ಲ," ಎಂದರು. ಹದಿನೆಂಟು ಜನರನ್ನು ಹತ್ತಿಸಿದವರು ಇನ್ನೊಂದು ಹತ್ತು ಲೀಟರು ಪೆಟ್ರೋಲಿನ ಭಾರಕ್ಕೆ ಹೆದರುತ್ತಿದ್ದರು.

ಮೊದಲ ಹತ್ತ ಸಲೀಸಾಗಿ ಮುಗಿಯಿತು. ದಿಣ್ಣೆಯ ಮೇಲೆ ಅಜ್ಜನ ಮನೆಯೆದುರು ಸಮತಟ್ಟಾದ ಅಂಗಳ ಉಂಟು. ಜೀಪನ್ನು ಅಲ್ಲಿ ನಿಲ್ಲಿಸಲಿಲ್ಲ. ಮುಂದೆ ಹೋಗಿ, ಮೂತಿ ತೋಡಿನ ಕಡೆ ಇಳಿಜಾರಿಗೆ ಬಗ್ಗುವಂತೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟರು. ಸಿಸ್ಟರ್ ಅಜ್ಜನಿಗೆ ಟ್ಯೂಬು ಬದಲಾಯಿಸುವಷ್ಟು ಹೊತ್ತು, ಅಂದರೆ ಮುಕ್ಕಾಲು ಗಂಟೆ, ನಾವು ಹಾಗೆಯೇ ಕೂತೆವು. ಆಮೇಲೆ ಕಲ್ಲು ತೆಗೆದು ಗೇರು ನ್ಯೂಟ್ರಲಿನಲ್ಲಿಟ್ಟು, ಕೀಲಿ ಮುಟ್ಟದೆ ಜೀಪನ್ನು ಇಳಿಜಾರಿಗೆ ಬಿಟ್ಟರು. ಟಯರಿನ ಶಬ್ದ ಬಿಟ್ಟರೆ ಬೇರೆ ಶಬ್ದವಿಲ್ಲ. ತೋಡಿನ ಹತ್ತಿರ ಕೀಲಿ ತಿರುಗಿಸಿ, ಗೇರು ಹಾಕಿ ಕ್ಲಚ್ಚು ಬಿಟ್ಟರು. ಎಂಜಿನ್ ಎದ್ದಿತು. ಓಡಿದ ವೇಗದಲ್ಲೇ ಎರಡನೆಯ ಹತ್ತಕ್ಕೆ ನುಗ್ಗಿತು, ಹದಿನೈದು ಮಾರು ಹತ್ತಿ ಸತ್ತಿತು.

"ನೋಡಿ," ಎಂದರು ಡ್ರೈವರ್, ಬಹಳ ಸಮಾಧಾನದಿಂದ.

ನಾನು ಬಗ್ಗಿ ಟ್ಯಾಂಕಿನ ಹತ್ತಿರ ಕಿವಿಯಿಟ್ಟೆ. ಪಂಪು ಟಕ್... ಟಕ್... ಎಂದು ಮುದುಕರು ಕೋಲೂರಿ ನಡೆಯುವಂತೆ ಬಡಿಯುತ್ತಿತ್ತು. ನನ್ನ ಗ್ಯಾರೇಜಿನಲ್ಲಿ ಅದು ಪಟಪಟ ಬಡಿಯುತ್ತಿತ್ತು. ಬ್ಯಾಟರಿಗೆ ಮೀಟರು ಹಿಡಿದೆ, ಅರ್ಧ ಜೀವವೂ ಇಲ್ಲ. ಆಗ ನೆನಪಾಯಿತು. ಪರೀಕ್ಷೆ ಮಾಡಿದಷ್ಟೂ ಸಲ ನಾನು ಗ್ಯಾರೇಜಿನ ಬ್ಯಾಟರಿ ಹಾಕಿದ್ದೆ, ಜೀಪು ಕೊಡುವಾಗ ಅದರದ್ದೇ ಹಳೆಯ ಬ್ಯಾಟರಿ ತಿರುಗಿ ಇಟ್ಟಿದ್ದೆ.

"ಈ ಬ್ಯಾಟರಿ ಹೋಗಿ ಎಷ್ಟು ಸಮಯ ಆಯ್ತು?"

"ಅದು ಯಾವಾಗ್ಲೂ ಹಾಗೆಯೇ. ಬ್ಯಾಟರಿ ಯಾಕೆ? ಇಳಿಜಾರು ಉಂಟಲ್ಲ."

ಲೈನಿನ ಜೀಪಿನವರೆಲ್ಲ ಹೀಗೆಯೇ. ಹತ್ತದಲ್ಲಿ ನಿಂತುಹೋದ ಹೊರತು ಸೆಲ್ಫು ಮುಟ್ಟುವುದಿಲ್ಲ, ಬ್ಯಾಟರಿ ನೋಡುವುದಿಲ್ಲ, ಗುಡ್ಡವೇ ಅವರ ಸೆಲ್ಫು. ನಾನು ಹುಟ್ಟಿ ಬೆಳೆದದ್ದು ಇಂಥ ಜೀಪುಗಳ ಹಿಂದೆ ನೇತಾಡಿಕೊಂಡು. ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಜೀಪುಗಳನ್ನು ದಿನಾ ನೋಡಿದವನು, ನಕ್ಷೆ ಬರೆಯುವಾಗ ಜೀಪನ್ನು ಸಿಮೆಂಟು ನೆಲದ ಮೇಲೆ ನಿಲ್ಲಿಸಿ ಯೋಚಿಸಿದ್ದೆ. ಮೂತಿ ಬಗ್ಗಿಸಿ ನಿಲ್ಲಿಸಿದರೆ ಐದಾರು ಲೀಟರು ಪೆಟ್ರೋಲು ಟ್ಯಾಂಕಿನ ಮುಂಬದಿಗೆ ಹೋಗುತ್ತದೆ, ನನ್ನ ಬುದ್ಧಿವಂತಿಕೆಯ ನಳಿಗೆ ಹಿಂದಿನ ಮೂಲೆಯಲ್ಲಿ ಗಾಳಿ ಕುಡಿಯುತ್ತದೆ. ಕೀಲಿ ತಿರುಗಿಸುವುದು ತೋಡಿನ ಹತ್ತಿರ, ಗಾಳಿ ತುಂಬಿದ ಪೈಪನ್ನು ತುಂಬಿಸಲು ಪಂಪಿಗೆ ಸಿಗುವುದು ಅರೆ ನಿಮಿಷವೂ ಇಲ್ಲ, ಅದಕ್ಕೆ ಸಾಕಷ್ಟು ಕರೆಂಟು ಸಹ ಇಲ್ಲ. ಕಾರ್ಬ್ಯುರೇಟರಿನಲ್ಲಿ ಉಳಿದ ಒಂದು ಲೋಟ ಪೆಟ್ರೋಲು ಮುಗಿದಲ್ಲಿಗೆ ಕಥೆ ಮುಗಿಯಿತು. ಹಳೆಯ ಪಂಪಾದರೆ ಬ್ಯಾಟರಿಯ ಹಂಗಿಲ್ಲದೆ, ಎಂಜಿನ್ ಸುತ್ತಿದ ಕೂಡಲೇ ಎಳೆಯುತ್ತಿತ್ತು. ಮೊದಲ ಮಂಗಳವಾರ ಹತ್ತಿದ್ದು ನಾನು ತುಂಬಿಸಿ ಕೊಟ್ಟ ಟ್ಯಾಂಕಿನ ದಯೆಯಿಂದ, ಆ ವಾರದ ತಂಡದ ಬೇರೆ ಓಡಾಟಗಳಲ್ಲಿ ಅದು ಮುಗಿದಿತ್ತು.

ನನ್ನ ಮುಂದೆ ಎರಡು ದಾರಿ ಇತ್ತು. ಅರುವತ್ತು ದಾಟಿದ ಡ್ರೈವರಿಗೆ ಜೀಪು ಓಡಿಸಲು ಹೊಸತಾಗಿ ಕಲಿಸುವುದು ಒಂದು. ಟ್ಯಾಂಕು ತುಂಬಿಸಿ, ಸಮತಟ್ಟಿನಲ್ಲಿ ನಿಲ್ಲಿಸಿ, ಇಳಿಯುವಾಗ ಎಂಜಿನ್ ಬಂದ್ ಮಾಡಬೇಡಿ ಎಂದು ಒಂದು ಕಾಗದದಲ್ಲಿ ಬರೆದು ಕನ್ನಡಿಗೆ ಅಂಟಿಸಬಹುದಿತ್ತು. ನನ್ನ ಸ್ವಭಾವಕ್ಕೆ ಅದೇ ಹಿಡಿಸುವ ದಾರಿ. ಅರ್ಧ ಕಾಗದ ಬರೆದೂ ಇದ್ದೆ. ಆದರೆ ಅವರು ಎರಡು ವಾರ ಪಾಲಿಸಿ ಮೂರನೆಯ ವಾರ ಮರೆಯುತ್ತಾರೆ, ಆ ವಾರವೂ ಗುಳಿಗೆ ಮುಗಿಯುವುದು ಮಂಗಳವಾರ ಬೆಳಿಗ್ಗೆಯೇ. ಕಾಗದವನ್ನು ಹರಿದು ಹಾಕಿದೆ. ಜೀಪನ್ನು ಡ್ರೈವರಿಗೆ ಹೊಂದಿಸುವುದೆಂದು ತೀರ್ಮಾನಿಸಿದೆ.

ಹಳೆಯ ಪಂಪನ್ನು ಗುಜರಿ ಡ್ರಮ್ಮಿನಿಂದ ಹುಡುಕಿ ತೆಗೆದು, ಒಳಗೆ ಹೊಸ ರಬ್ಬರಿನ ಪೊರೆ ಹಾಕಿ, ಎಂಜಿನ್ನಿನ ಪಕ್ಕದಲ್ಲಿ ಅದರ ಜಾಗದಲ್ಲೇ ಕೂರಿಸಿದೆ. ಅದಕ್ಕೂ ಎಂಜಿನ್ನಿಗೂ ನಡುವೆ ಬಿಸಿ ತಡೆಯುವ ದಪ್ಪ ಹಾಳೆ ಕೊಟ್ಟೆ. ಹೊಸ ಪೈಪನ್ನು ಚಾಸಿಯ ಹೊರಬದಿಯಲ್ಲೇ ಬಿಟ್ಟೆ. ಬ್ಯಾಟರಿ ಪಂಪನ್ನು ತೆಗೆಯದೆ, ಬಿಸಿಲಿಗೆ ಸಹಾಯಕ್ಕೆಂದು ಪ್ರತ್ಯೇಕ ಸ್ವಿಚ್ಚು ಕೊಟ್ಟೆ. ಟ್ಯಾಂಕನ್ನು ಬಿಚ್ಚಿ ನೀರು ತುಂಬಿಸಿ ಆವಿಯೆಲ್ಲ ಹೋಗುವಂತೆ ಒಂದು ದಿನ ಇಟ್ಟು, ನಡುಮಧ್ಯದಲ್ಲಿ ಸಣ್ಣ ಕುಳಿ ಮಾಡಿಸಿ, ನಳಿಗೆಯನ್ನು ಅದರೊಳಗೆ ಇಳಿಸಿದೆ. ಮೂತಿ ಮೇಲಾಗಲಿ ಕೆಳಗಾಗಲಿ, ಉಳಿದ ಪೆಟ್ರೋಲು ಅಲ್ಲಿಗೆ ಬರಬೇಕು. ಗ್ಯಾರೇಜಿನ ಬ್ಯಾಟರಿ ಜೀಪಿನಲ್ಲೇ ಉಳಿಯಿತು. ಎರಡೇ ಲೀಟರು ಹಾಕಿ ಮೂತಿ ಬಗ್ಗಿಸಿ ಒಂದು ಗಂಟೆ ನಿಲ್ಲಿಸಿದೆ. ಡ್ರೈವರಿಗೆ ಕೀಲಿ ಕೊಟ್ಟು ನಾನು ದೂರ ನಿಂತೆ. ಹತ್ತಿತು. ಎಂಜಿನ್ನಿನ ಫೋಟೋ ನೋಡಿದ ಯಜಮಾನರು, "ಅಪ್ಪನ ಕಾಲದ ಹಾಗೆಯೇ ಉಂಟು, ನಾನು ಮೊದ್ಲೇ ಹೇಳಿರ್ಲಿಲ್ವಾ?" ಎಂದರು.

ನಾಲ್ಕನೆಯ ಮಂಗಳವಾರ ನಾನೂ ಹಿಂದಿನ ಸೀಟಿನಲ್ಲಿ ಕೂತೆ. ದಿಣ್ಣೆಯಲ್ಲಿ ಮೂತಿ ಬಗ್ಗಿಸಿ ನಿಂತಿತು, ಎಂಜಿನ್ ಇಲ್ಲದೆ ಇಳಿಯಿತು, ತೋಡಿನ ಹತ್ತಿರ ಎದ್ದಿತು, ಎರಡನೆಯ ಹತ್ತವನ್ನು ಹತ್ತಿ ಅಂಗಳಕ್ಕೆ ಮುಟ್ಟಿತು. ಗಂಟೆ ಹತ್ತೂವರೆ. ಸಿಸ್ಟರ್ ಒಳಗೆ ಹೋದರು. ನಾನು ಬಾನೆಟ್ ಎತ್ತಿ ಸುಮ್ಮನೆ ಪೈಪು ಮುಟ್ಟುತ್ತಾ ಇದ್ದೆ. ಸ್ವಲ್ಪ ಹೊತ್ತಿನಲ್ಲಿ ಸಿಸ್ಟರ್ ಬಂದು, "ಅಮ್ಮ ನಿಮ್ಮನ್ನು ಕರೀತಾರೆ," ಎಂದರು.

ಕಿಟಕಿಯ ಪಕ್ಕದ ಮಂಚದಲ್ಲಿ ಬೆನ್ನಿಗೆ ದಿಂಬು ಕೊಟ್ಟು ಅವರನ್ನು ಕೂರಿಸಿದ್ದರು. ಸಣ್ಣ ದೇಹ, ಚುರುಕು ಕಣ್ಣು.

"ಜೀಪು ರಿಪೇರಿಯವ್ರು ನೀವಾ?"

ಹೌದೆಂದೆ. ಬ್ಯಾಟರಿ, ನಳಿಗೆ, ಇಳಿಜಾರು, ಎಲ್ಲವನ್ನೂ ಅವರಿಗೆ ಅರ್ಥವಾಗುವಂತೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ.

"ಜೀಪು ತೋಡಿಗೆ ಬರುದು ನನಗೆ ಇಲ್ಲಿಗೆ ಕೇಳ್ತದೆ," ಎಂದರು. "ಆ ಶಬ್ದ ಕೇಳಿದ್ರೆ ಅರ್ಧ ನೋವು ಇಳಿದ ಹಾಗೆ. ಹೋದ ವಾರ ಶಬ್ದ ಬಂತು, ಮತ್ತೆ ನಿಂತಿತು. ಸೆಲ್ಫು ಹೊಡೀತಾ ಇದ್ರು, ಅದು ಕೂಗ್ತದಲ್ಲ. ಇಪ್ಪತ್ತಮೂರು ಸಲ ಹೊಡ್ದರು. ಬೀಡಿ ಎಣಿಸಿ ಎಣಿಸಿ ನನಗೆ ಎಲ್ಲ ಎಣಿಸುದು ಅಭ್ಯಾಸ. ಮತ್ತೆ ಅದೂ ಕೇಳ್ಲಿಲ್ಲ."

ಅವರು ದೂರು ಹೇಳುತ್ತಿರಲಿಲ್ಲ. ನಡೆದದ್ದನ್ನು ಹೇಳಿದರು ಅಷ್ಟೆ. ಒಂದು ತಿಂಗಳಿಂದ ನಾನು ಡ್ರೈವರ್, ಯಜಮಾನರು, ಕಮಿಟಿ ಎಂದು ಎಲ್ಲರ ಮೇಲೂ ಹಾರಾಡಿದ್ದೆ. ಆ ಇಪ್ಪತ್ತಮೂರನ್ನು ಇಲ್ಲಿ ಮಲಗಿ ಒಬ್ಬರು ಎಣಿಸುತ್ತಿದ್ದರೆಂದು ನನಗೆ ಹೊಳೆದಿರಲಿಲ್ಲ.

"ತಪ್ಪು ನನ್ನದೇ ಅಮ್ಮ," ಎಂದೆ. "ಡ್ರೈವರದ್ದಲ್ಲ."

"ಬರುವ ಮಂಗಳವಾರ ಬರ್ತದಾ?"

ಇನ್ನು ತೊಂದರೆ ಇಲ್ಲ ಎಂಬ ಮಾತನ್ನು ನಾನು ಅಷ್ಟರಲ್ಲಿ ಎಷ್ಟು ಜನರಿಗೆ ಹೇಳಿದ್ದೆನೋ. ಅವರಿಗೆ ಹೇಳಲಾಗಲಿಲ್ಲ.

"ಬರ್ತದೆ. ಬಾರದಿದ್ರೆ ನಾನು ಹೊತ್ಕೊಂಡು ಬರ್ತೇನೆ."

"ಜೀಪನ್ನಾ?" ಎಂದು ಅವರು ನಕ್ಕರು. ನಗುವುದಕ್ಕೂ ನೋವಾಗುತ್ತಿದ್ದದ್ದರಿಂದ ಪಕ್ಕೆ ಹಿಡಿದುಕೊಂಡು ನಕ್ಕರು.

ಅದರ ನಂತರ ಅವರಿಗೆ ಇದ್ದದ್ದು ಹನ್ನೊಂದು ಮಂಗಳವಾರ. ಆ ದಿನ ಬೆಳಿಗ್ಗೆ ನಾನು ದೊಡ್ಡ ಕೆಲಸ ಹಿಡಿಯುತ್ತಿರಲಿಲ್ಲ. ಹತ್ತು ಸಲ ಜೀಪು ಹತ್ತಿತು. ಮಳೆ ಹಿಡಿದ ಮೇಲೆ ಒಂದು ಮಂಗಳವಾರ ದಿಣ್ಣೆಯಲ್ಲಿ ಕ್ಲಚ್ಚಿನ ಕಂಬಿ ತುಂಡಾಯಿತು. ಡ್ರೈವರ್ ಕೂಡಲೇ ಫೋನು ಮಾಡಿದರು. ಬೈಕನ್ನು ತೋಡಿನವರೆಗೆ ತಂದು, ದಿಣ್ಣೆಯಿಂದ ನಡೆದು ಇಳಿದಿದ್ದ ಸಿಸ್ಟರ್ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಕೆಸರಿನಲ್ಲಿ ಹತ್ತಿದೆ. ಸಿಸ್ಟರ್ ಕೊಡೆ ಹಿಡಿದು ಹಿಂದಿನಿಂದ ಬಂದರು. ನಾವು ಬಾಗಿಲಲ್ಲಿ ನಿಂತಾಗ ಅಮ್ಮ ಕಣ್ಣು ಮುಚ್ಚಿ ಮಲಗಿದ್ದರು. ನಾನು ಪೆಟ್ಟಿಗೆ ಕೆಳಗಿಟ್ಟ ಸದ್ದಿಗೆ ಕಣ್ಣು ತೆರೆದರು.

"ಜೀಪಿನ ಶಬ್ದ ಕೇಳ್ಲಿಲ್ಲ," ಎಂದರು.

"ಜೀಪು ಬರ್ಲಿಲ್ಲ ಅಮ್ಮ. ನಾವು ಬಂದೆವು."

ಅವರು ನನ್ನ ಕೆಸರಾದ ಕಾಲನ್ನು ನೋಡಿದರು. ಆಮೇಲೆ ಗುಳಿಗೆಗೆ ಕೈ ಚಾಚಿದರು.